ಹಾಯಿದೋಣಿಗೊಂದು ಟ್ರ್ಯಾಕ್ಟರ್ ಹೆಡ್

ನನ್ನ ಗಂಡನ ಹಾಯಿದೋಣಿಯ ಡೀಸೆಲ್ ಎಂಜಿನ್ ಕೆಟ್ಟದ್ದು ದೀಪಾವಳಿಗೆ ಸ್ವಲ್ಪ ಮೊದಲು, ಕಾರವಾರದ ಬಂದರಿನ ಬಾಯಲ್ಲಿ. ಹಾಯಿ ಇರುವ ದೋಣಿಗೆ ಎಂಜಿನ್ ಯಾಕೆ ಎಂದು ನಮ್ಮ ಬೀದರ್ ಕಡೆಯವರು ಕೇಳುತ್ತಾರೆ. ಗಾಳಿ ಬಿದ್ದಾಗ ದಡ ಸೇರಲು, ಬಂದರಿನೊಳಗೆ ಬೇರೆ ದೋಣಿಗಳ ನಡುವೆ ನುಸುಳಲು ಅದು ಬೇಕು. ಆ ದಿನ ಸಮುದ್ರದ ನೀರು ಎಳೆದುಕೊಳ್ಳುವ ಕೊಳವೆಗೆ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿಕೊಂಡಿತು. ತಂಪಾಗಲು ನೀರಿಲ್ಲದೆ ಎಂಜಿನ್ ಕಾದು, ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಬೀಡುಕಬ್ಬಿಣದ ಹೆಡ್ ಬಿರುಕು ಬಿಟ್ಟಿತು. ಅವನ ದೋಣಿಯೇರಿ ಸುತ್ತಾಡುವ ಪ್ರವಾಸಿಗರು ಬರುವ ಕಾಲ ಆಗಷ್ಟೇ ಶುರುವಾಗಿತ್ತು.

ಆ ದೋಣಿಯನ್ನು ಯಾರೋ ವಿದೇಶಿಯವನು ಗೋವಾದಲ್ಲಿ ಬಿಟ್ಟುಹೋಗಿದ್ದ. ನನ್ನ ಗಂಡ ಅದನ್ನು ಕೊಂಡು, ಎರಡು ಮಳೆಗಾಲ ಕೂತು ರಿಪೇರಿ ಮಾಡಿದ್ದ. ಬಿಡಿಭಾಗಕ್ಕಾಗಿ ಮುಂಬೈಯ ಡೀಲರಿಗೆ ಫೋನ್ ಮಾಡಿದರೆ, ಆ ಎಂಜಿನ್ ಮಾಡುವುದನ್ನೇ ಕಂಪನಿ ನಿಲ್ಲಿಸಿದೆ, ಹೆಡ್ ಹೊರದೇಶದಿಂದ ತರಿಸಬೇಕು, ಬಂದರೂ ಬೇಸಿಗೆಯಾದೀತು ಎಂದರು. ಅವನು ಫೋನ್ ಇಟ್ಟು ಎಂಜಿನ್ನಿನ ಮೈ ಒರೆಸುತ್ತ ಕೂತ. ಬಣ್ಣದ ಪದರ ಕೆರೆದಾಗ ಎರಕದಲ್ಲೇ ಮೂಡಿದ್ದ ಒಂದು ನಂಬರು ಕಂಡಿತು. ಅದನ್ನು ಹಿಡಿದು ಅಲ್ಲಿ ಇಲ್ಲಿ ವಿಚಾರಿಸಿದ ಮೇಲೆ ಗೊತ್ತಾಯಿತು, ದೋಣಿಯ ಕಂಪನಿಯವರು ಟ್ರ್ಯಾಕ್ಟರಿನ ಎಂಜಿನ್ ಕೊಂಡು, ಅದಕ್ಕೆ ಸಮುದ್ರದ ನೀರಿನ ಪಂಪು, ತಂಪು ಮಾಡುವ ಕೊಳವೆಗಳನ್ನು ಸೇರಿಸಿ, ಬಿಳಿ ಬಣ್ಣ ಹೊಡೆದು ಮಾರುತ್ತಿದ್ದರಂತೆ. ಒಳಗಿನ ಪಿಸ್ಟನ್, ವಾಲ್ವು, ಹೆಡ್ ಎಲ್ಲ ಟ್ರ್ಯಾಕ್ಟರಿನವೇ.

ಸಂಜೆ ಅವನು ಆ ಟ್ರ್ಯಾಕ್ಟರಿನ ಫೋಟೋ ತಂದು ತೋರಿಸಿದಾಗ ನಾನು ಬಂಗಡೆ ಮೀನು ತೊಳೆಯುತ್ತಿದ್ದೆ. ನೋಡಿದವಳೇ, "ಇದು ನಮ್ಮಪ್ಪನ ಗಾಡಿ" ಎಂದೆ.

ನನ್ನ ತವರು ಹುಮನಾಬಾದ್‌ನಿಂದ ಬೇಮಳಖೇಡಕ್ಕೆ ಹೋಗುವ ದಾರಿಯಲ್ಲಿದೆ. ಜಮೀನಿರುವ, ಬೆಳಗಾದರೆ ಲಿಂಗಪೂಜೆ ತಪ್ಪದ ಮನೆ. ಅಪ್ಪ ಎಂಜಿನ್ ಬಿಚ್ಚಿದಾಗಲೆಲ್ಲ ಬೋಲ್ಟು ತಿರುಗಿಸುವ ಪಾನಾ ಕೊಡುವ ಕೆಲಸ ನನ್ನದಾಗಿತ್ತು. ನಾನು ನರ್ಸಿಂಗ್ ಓದಿ ಕಾರವಾರದ ಆಸ್ಪತ್ರೆಗೆ ಸೇರಿದ ವರ್ಷವೇ ಅಪ್ಪ ತೀರಿಕೊಂಡರು. ಆಮೇಲೆ, ಫ್ಯಾನ್ ಬೆಲ್ಟಿಗೆ ಬೆರಳು ಕೊಟ್ಟುಕೊಂಡು ಬಂದ ಒಬ್ಬ ಮೀನುಗಾರರ ಮನೆಯ ಹುಡುಗನ ಕೈಗೆ ಹೊಲಿಗೆ ಹಾಕಲು ನೆರವಾದೆ, ಅವನನ್ನೇ ಮದುವೆಯಾದೆ. ಅವ್ವ ಮದುವೆಗೆ ಬರಲಿಲ್ಲ. "ಮೀನ ತಿನ್ನಾವರ ಮನಿ ಸೇರಿದಿ, ಅಲ್ಲೇ ಇರು" ಎಂದು ಫೋನಿನಲ್ಲಿ ಹೇಳಿದ್ದಳು. ನಾನು ಅಲ್ಲೇ ಇದ್ದೆ. ಅಣ್ಣ ಹೊಸ ಟ್ರ್ಯಾಕ್ಟರ್ ತಂದದ್ದೂ, ಅಪ್ಪನ ಗಾಡಿ ಕೊಟ್ಟಿಗೆಯ ಹಿಂದೆ ಬೇವಿನ ಮರದಡಿ ಸುಮ್ಮನೆ ನಿಂತದ್ದೂ ನನಗೆ ವೈನಿಯಿಂದ, ಅಂದರೆ ಅಣ್ಣನ ಹೆಂಡತಿಯಿಂದ ತಿಳಿದಿತ್ತು. ಆಗೀಗ ಕದ್ದು ಫೋನ್ ಮಾಡುತ್ತಿದ್ದವಳು ಅವಳೊಬ್ಬಳೇ.

"ಅವರು ಕೊಡ್ತಾರಾ?" ಎಂದು ಗಂಡ ಕೇಳಿದ.

"ತುಕ್ಕು ಹಿಡಿದ ಗಾಡಿ. ಕೊಡದೆ ಏನು ಮಾಡ್ತಾರೆ?" ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅವನು ನನ್ನ ಮುಖವನ್ನೇ ನೋಡಿದ.

ಹಳೆಯ ಗ್ಯಾಸ್ಕೆಟ್ಟನ್ನು, ಅಂದರೆ ಹೆಡ್ಡಿನ ಕೆಳಗೆ ಹಾಸುವ ತೆಳು ತಗಡನ್ನು, ಪೇಪರಿನಲ್ಲಿ ಸುತ್ತಿಕೊಂಡು ನಾವು ಬಸ್ ಹತ್ತಿದೆವು. ಮೊದಲು ಹುಮನಾಬಾದಿನಲ್ಲಿ ಇಳಿದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಗೆ ಹೋದೆವು. ಅಂಗಡಿಯವನು ಹೊಸ ಗ್ಯಾಸ್ಕೆಟ್ ತೆಗೆದು ನಮ್ಮದರ ಮೇಲಿಟ್ಟ. ಬೋಲ್ಟಿನ ತೂತು, ನೀರಿನ ತೂತು, ಒಂದೂ ಆಚೀಚೆ ಇರಲಿಲ್ಲ. ನನ್ನ ಗಂಡ ಮಗುವಿನ ಹಾಗೆ ನಕ್ಕ.

"ಯಾವ ಊರ ಗಾಡಿರಿ?" ಎಂದ ಅಂಗಡಿಯವನು.

"ಗಾಡಿ ಅಲ್ಲ, ಬೋಟು. ಸಮುದ್ರದ್ದು."

ಅಂಗಡಿಯಲ್ಲಿದ್ದ ನಾಲ್ಕಾರು ಜನ ಒಟ್ಟಿಗೆ ತಿರುಗಿದರು. "ಬೋಟಿಂದಾ? ಇಲ್ಲಿ ಕುಡಿಯಾಕ ನೀರಿಲ್ಲ, ಇವರು ಬೋಟ್ ತಂದಾರ!" ಎಂದು ಒಬ್ಬ ತೊಡೆ ತಟ್ಟಿಕೊಂಡ. ಇನ್ನೊಬ್ಬ, "ಹಿಂದ ಕುಂಟಿ ಕಟ್ರಿ, ಹೊಲಾ ಹರಗಿದಂಗ ಸಮುದ್ರಾ ಹರಗಬಹುದು" ಎಂದ. ನಮ್ಮ ಕಡೆಯ ಮಾತು ನನ್ನ ಗಂಡನಿಗೆ ಅರ್ಧ ಅರ್ಥವಾಯಿತು, ಅವರ ಜೊತೆಗೇ ನಕ್ಕ. ಗ್ಯಾಸ್ಕೆಟ್, ವಾಲ್ವುಗಳು ಸಿಕ್ಕವು. ಹೆಡ್ ಮಾತ್ರ ಹೊಸದು ಬರುವುದಿಲ್ಲ ಎಂದ ಅಂಗಡಿಯವನು. "ಹಳೇದು ನೋಡಬೇಕ್ರಿ. ಬಸವಕಲ್ಯಾಣದಾಗ ಗುಜರಿ ಅಂಗಡಿ ಬಾಳ ಅವ, ಅಲ್ಲಿ ಒಮ್ಮೆ ಕೇಳ್ರಿ."

ಗಂಡ ಬಸವಕಲ್ಯಾಣದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿದ್ದಾಗ ನಾನೇ ತಡೆದೆ. ಮನೆಯಲ್ಲೇ ಇರುವಾಗ ಗುಜರಿಗೆ ಯಾಕೆ ಹೋಗಬೇಕು ಎಂದೆ.

ನಾವು ಹೋದಾಗ ಅವ್ವ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿ, ಮತ್ತೆ ಮೊರಕ್ಕೆ ಕಣ್ಣು ಇಳಿಸಿದಳು.

"ಬಂದೆಲ್ಲಾ. ಏನ್ ಬೇಕಾಗ್ಯದ?"

ಕಾಲಿಗೆ ಬೀಳಲು ಬಗ್ಗಿದೆ. ಕಾಲು ಹೊರಸಿನ ಮೇಲಕ್ಕೆ ಎಳೆದುಕೊಂಡಳು. ವೈನಿ ನೀರು ತಂದಳು. ನನಗೆ ಹಿತ್ತಾಳೆಯ ತಂಬಿಗೆಯಲ್ಲಿ, ನನ್ನ ಗಂಡನಿಗೆ ಯಾವುದೋ ಮದುವೆಯಲ್ಲಿ ಉಳಿದ ಕಾಗದದ ಲೋಟದಲ್ಲಿ. ಕೊಡುವಾಗ ವೈನಿಯ ಕಣ್ಣು ನೆಲದ ಮೇಲಿತ್ತು. ಅವನು ಕುಡಿದು, ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. "ಅದನ್ನ ಹೊರಗ ಒಗಿ ಅಂತ ಹೇಳು" ಎಂದಳು ಅವ್ವ ನನಗೆ. ಅಲ್ಲಿದ್ದಷ್ಟು ಹೊತ್ತೂ ಅವನೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಲಿಲ್ಲ.

ನಾನು ಹೆಡ್ಡಿನ ವಿಷಯ ಹೇಳಿದೆ. ಬಿಟ್ಟಿ ಬೇಡ, ಹಣ ಕೊಡುತ್ತೇವೆ ಎಂದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಅಣ್ಣ ಕಂಬಕ್ಕೆ ಒರಗಿ ಅವಳ ಬಾಯನ್ನೇ ನೋಡುತ್ತಿದ್ದ.

"ಬಿಚ್ಚಾಕ ಬರ್ತದೇನು ಇವಂಗ?" ಎಂದಳು ಅವ್ವ.

"ಬರ್ತದವ್ವ."

"ಬಿಚ್ಚಲಿ ಹಂಗಾರ."

ನನ್ನ ಗಂಡ ಅಂಗಿ ಕಳಚಿ ಬೇವಿನ ಮರದಡಿ ಹೋದ. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಬಿಗಿದಿದ್ದವು. ಅವಕ್ಕೆ ಸೀಮೆಎಣ್ಣೆ ಹೊಯ್ದು ಕಾದ. ಪಾನಾಕ್ಕೆ ನೀರಿನ ಪೈಪು ತೊಡಿಸಿ, ಅದರ ತುದಿಗೆ ಜೋತುಬಿದ್ದು ತಿರುಗಿಸಿದ. ಹೊಗೆ ಕೊಳವೆಯೊಳಗೆ ಕಣಜ ಗೂಡು ಕಟ್ಟಿದ್ದವು. ಕುತ್ತಿಗೆಗೆ, ಕಿವಿಗೆ ಕಡಿದವು. ನಾನು ಅಪ್ಪನಿಗೆ ಕೊಡುತ್ತಿದ್ದಂತೆ ಒಂದೊಂದೇ ಪಾನಾ ಕೊಡುತ್ತ ಪಕ್ಕದಲ್ಲಿ ನಿಂತೆ. ಅವ್ವ ಹೊರಸನ್ನು ಮರದ ನೆರಳಿಗೆ ಹಾಕಿಸಿಕೊಂಡು ಕೂತಳು. ಅವನ ಕೈ ಜಾರಿ ಗೆಣ್ಣು ಒಡೆದು ರಕ್ತ ಬಂದಾಗ, "ದುಡೀತಾನ. ಎತ್ತಿನಂಗ ದುಡೀತಾನ" ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಅದನ್ನು ಹೊಗಳಿಕೆಯೆಂದು ನಾನು ನಂಬಿದೆ. ಅವನಿಗೆ ಹಾಗೇ ಅನುವಾದಿಸಿಯೂ ಹೇಳಿದೆ.

ಊಟಕ್ಕೆ ಅವನನ್ನು ಕರೆಯಲಿಲ್ಲ. ರೊಟ್ಟಿ, ಪುಂಡಿಪಲ್ಲೆ ಮರದಡಿಗೇ ಬಂತು, ಬಾಳೆ ಎಲೆಯೂ ಅಲ್ಲದ ಪೇಪರಿನ ತುಂಡಿನ ಮೇಲೆ. ನಾನೂ ಅಲ್ಲೇ ಕೂತು ಉಂಡೆ.

ಹೊತ್ತು ಇಳಿಯುವ ಹೊತ್ತಿಗೆ ಹೆಡ್ ಮೇಲೆ ಬಂತು. ಹೊಟ್ಟೆಗೆ ಅವಚಿಕೊಂಡು ಅದನ್ನು ಗೋಣಿಚೀಲದ ಮೇಲೆ ಇಳಿಸಿ, ಸ್ಟೀಲಿನ ಪಟ್ಟಿಯಿಟ್ಟು ಸೊಟ್ಟಗಾಗಿದೆಯೇ ನೋಡಿದ. "ನೆಟ್ಟಗಿದೆ!" ಎಂದ. ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಒಂದು ಟೆಂಪೊ ಬಂದು ನಿಂತಿತು. ಅದರಿಂದ ಗುಜರಿಯವನೊಬ್ಬ ಇಳಿದ.

ಅವ್ವ ಹೊರಸಿನಿಂದ ಎದ್ದು ಸೆರಗು ಕೊಡವಿಕೊಂಡಳು. "ಛಲೋ ಆತು. ಗುಜರಿಯಂವ ಹೆಡ್ ಬಿಚ್ಚಿಟ್ರ ಒಯ್ತೀನಿ ಅಂದಿದ್ದ. ಬಿಚ್ಚಾಕ ಆಳ ಸಿಕ್ಕಿರಲಿಲ್ಲ ನನಗ. ಇವತ್ತ ಸಿಕ್ತು ಅಂತ ಫೋನ್ ಮಾಡ್ಸಿದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅಣ್ಣನೂ ಗುಜರಿಯವನೂ ಸೇರಿ ಗೋಣಿಚೀಲ ಸಮೇತ ಹೆಡ್ ಎತ್ತಿದಾಗ ಆಯಿತು.

"ಅವ್ವ, ನಾವು ರೊಕ್ಕ ಕೊಡ್ತೀವಿ ಅಂದೀನಲ್ಲ! ಅಂವ ಕೊಡೋದಕ್ಕಿಂತ ಹೆಚ್ಚಿಗೇ ಕೊಡ್ತೀವಿ."

"ಹೆಣ್ಮಗಳ ಕೈಯಾಗಿಂದು ರೊಕ್ಕ ತಗೊಳ್ಳೋ ಮನಿ ಅಲ್ಲ ಇದು."

"ಹಂಗಾರ ಸುಮ್ನೇ ಕೊಡು."

"ಸುಮ್ನೇ ಕೊಡಾಕ ನೀ ಯಾರು?"

ಅವಳ ದನಿ ಏರಲೇ ಇಲ್ಲ. ತರಕಾರಿಯವನೊಂದಿಗೆ ಮಾತಾಡುವಷ್ಟೇ ಸಲೀಸಾಗಿ ಹೇಳಿದಳು. ನನ್ನ ಗಂಡ ಎರಡೂ ಕೈಗೆ ಮಸಿ ಬಳಿದುಕೊಂಡು, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ನಿಂತಿದ್ದ. ಕೈ ತೊಳೆಯಲು ನೀರು ಕೇಳಿದ. ದನ ಕುಡಿಯುವ ತೊಟ್ಟಿ ತೋರಿಸಿದರು.

ಗುಜರಿಯವನ ಅಂಗಡಿ ಬಸವಕಲ್ಯಾಣದಲ್ಲಿ, ಹೆದ್ದಾರಿಗೆ ಹತ್ತಿಕೊಂಡೇ ಇತ್ತು. ಹುಮನಾಬಾದಿನ ಲಾಡ್ಜಿನಲ್ಲಿ ಮಲಗಿ ಎದ್ದು ಬೆಳಿಗ್ಗೆ ಅಲ್ಲಿಗೆ ಹೋದೆವು. ಆ ಮನುಷ್ಯ ನಮ್ಮನ್ನು ಗುರುತಿಸಿ ಹಲ್ಲು ಕಿರಿದ.

"ಬರ್ರಿ ಅಕ್ಕಾ. ಬರ್ತೀರಿ ಅಂತ ಗೊತ್ತಿತ್ತು ನನಗ."

ಅಪ್ಪನ ಗಾಡಿಯ ಹೆಡ್ಡೇ ಬೇಕು ಎಂದೆ. ಅವನು ಹೇಳಿದ ಬೆಲೆಗೆ ನಾವು ಚೌಕಾಸಿ ಮಾಡಲಿಲ್ಲ. ಮಾಡುವ ಹಾಗಿಲ್ಲವೆಂದು ಅವನಿಗೂ ಗೊತ್ತಿತ್ತು. ಹೆಡ್ಡನ್ನು ಆಟೊದಲ್ಲಿ ಹಾಕಿಕೊಂಡು, ಹೆಡ್ ಕೆಲಸ ಮಾಡುವ ವರ್ಕ್‌ಶಾಪೊಂದಕ್ಕೆ ಒಯ್ದೆವು. ವಾಲ್ವು ಕೂರಿಸುವ ಮೊದಲು ಪರೀಕ್ಷೆ ಮಾಡುತ್ತೇವೆ ಎಂದರು. ನೀರು ಓಡಾಡುವ ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು.

ನಡುವಿನ ಸಿಲಿಂಡರಿನ ಜಾಗದಿಂದ ಗುಳ್ಳೆಗಳು ಎದ್ದವು. ಒಂದರ ಹಿಂದೊಂದು, ಸಣ್ಣ ಮಣಿಸರದಂತೆ. ಮಿಸ್ತ್ರಿ ಅದನ್ನು ಮೇಲೆತ್ತಿ, ತಂತಿ ಬ್ರಷ್ಷಿನಿಂದ ಮಸಿ ಕೆರೆದು, ಎರಡು ವಾಲ್ವುಗಳ ನಡುವೆ ಕೂದಲೆಳೆಯಂಥ ಗೆರೆ ತೋರಿಸಿದ. "ಒಡೆದದ್ರಿ. ಇವತ್ತಿಂದಲ್ಲ, ಹಳೇದು. ಗಾಡಿ ನಿಂತಿದ್ದೇ ಇದಕ್ಕ ನೋಡ್ರಿ."

ನಾನು ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. "ಅಪ್ಪ ಇದ್ದಾಗೇ ಒಡೆದಿತ್ತು" ಎಂದ ಅವನು.

"ಅವ್ವಗ ಗೊತ್ತಿತ್ತೇನು?"

ಫೋನು ಕೈ ಬದಲಾಯಿಸಿದ ಸದ್ದಾಯಿತು.

"ಗೊತ್ತಿತ್ತು" ಎಂದಳು ಅವ್ವ. "ಯಾಕ ನಿಂತದ ಅಂತ ನೀ ಕೇಳಿದ್ಯೇನು? ಗಾಡಿ ಬೇಕು ಅಂದಿ, ತವರಮನೀದು ಬೇಕು ಅಂದಿ. ಅವ್ವ ಹ್ಯಾಂಗ ಇದ್ದಿ ಅಂತ ಕೇಳಿದ್ಯೇನು?"

ಅದು ನಿಜವಾಗಿತ್ತು. ಕಾಲಿಗೆ ಬೀಳಲು ಹೋದದ್ದನ್ನು ಬಿಟ್ಟರೆ, ನಾನು ಕೇಳಿದ್ದು ಹೆಡ್ ಒಂದನ್ನೇ. ಆದರೆ ಅದನ್ನು ಒಪ್ಪಿಕೊಳ್ಳುವ ಮನಸ್ಸು ನನಗಿರಲಿಲ್ಲ. "ನಿನ್ನಂಥಾಕಿನ್ನ ಏನ್ ಕೇಳೂದು" ಎಂದೆ. ಆಕಡೆಯಿಂದ ನಗು ಕೇಳಿಸಿತು. ಖುಷಿಯ ನಗುವೇ.

ಒಡೆದ ಹೆಡ್ಡನ್ನು ಹಿಂದಿರುಗಿಸಲು ಗುಜರಿಗೆ ಮರಳಿದೆವು. ಆ ಮನುಷ್ಯ ಅದನ್ನು ತೂಕದ ಬೆಲೆಗಷ್ಟೇ ತೆಗೆದುಕೊಂಡ. ಮತ್ತೆ, ಏನೂ ಆಗದವನಂತೆ, ಹಿಂದಿನ ಶೆಡ್ಡಿಗೆ ಕರೆದೊಯ್ದು ಒಂದು ಟಾರ್ಪಾಲು ಸರಿಸಿದ. ಅದೇ ಮಾದರಿಯ ಹೆಡ್ ಇತ್ತು. ಲಾರಿ ಗುದ್ದಿ ಹಿಂಭಾಗ ನುಜ್ಜಾದ ಯಾವುದೋ ಟ್ರ್ಯಾಕ್ಟರಿನದಂತೆ.

"ಇದು ಇತ್ತಲ್ಲ, ಮುಂಜಾನೇನೇ ಯಾಕೆ ಹೇಳಲಿಲ್ಲ?" ಎಂದು ನನ್ನ ಗಂಡ ಮೊದಲ ಬಾರಿಗೆ ದನಿ ಎತ್ತಿದ.

"ನೀವು ಅಪ್ಪಂದೇ ಬೇಕು ಅಂದ್ರಿ. ನಾ ಯಾಕ ಬ್ಯಾಡ ಅನ್ಲಿ?"

ಆ ಹೆಡ್ಡನ್ನು ವರ್ಕ್‌ಶಾಪಿನ ತೊಟ್ಟಿಯಲ್ಲಿ ಮುಳುಗಿಸಿದಾಗ ನಾನು ನೋಡಲಿಲ್ಲ, ಬೆನ್ನು ತಿರುಗಿಸಿ ನಿಂತಿದ್ದೆ. ಗುಳ್ಳೆ ಬರಲಿಲ್ಲ ಎಂದು ಗಂಡನೇ ಬಂದು ಹೇಳಿದ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳಿಗೆ, "ಅಲ್ಲ ಮಾರಾಯ್ತಿ, ಹುಮನಾಬಾದಿನಿಂದ ಸೀದಾ ಗುಜರಿಗೇ ಬರಬಹುದಿತ್ತು" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಕಣಜ ಕಡಿದ ಅವನ ಕಿವಿ ಕೆಂಪಗೆ ಊದಿಕೊಂಡಿತ್ತು. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ದೋಣಿ ಆ ಹಂಗಾಮಿಗೇ ನೀರಿಗಿಳಿಯಿತು. ಟ್ರ್ಯಾಕ್ಟರಿನ ಹೆಡ್ ಹಾಕಿದ ಎಂಜಿನ್ ಈಗಲೂ ಓಡುತ್ತಿದೆ.

ಹೋದ ವರ್ಷ ಶ್ರಾವಣದಲ್ಲಿ ವೈನಿ ಫೋನ್ ಮಾಡಿದಳು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆಗಿತ್ತು. ಮಲಗಿದಲ್ಲೇ ಎಲ್ಲ ಮಾಡಿಸಬೇಕು, ಬೇರೆಯವರ ಕೈ ತಾಗಿದರೆ ಬೈಯುತ್ತಾಳೆ. "ಅತ್ತಿಯವರು ನಿನ್ನ ಕರ್ಸು ಅಂದಾರ. ನೀ ನರ್ಸ್ ಇದ್ದಿ, ನಿನಗ ತಿಳೀತದ. ಒಬ್ಬಾಕೀನೇ ಬಾ ಅಂತ ಹೇಳ್ಯಾರ" ಎಂದಳು. ಕೊನೆಯ ಮಾತು ಹೇಳುವಾಗ ಅವಳ ದನಿ ಸಣ್ಣಗಾಯಿತು.

ನನ್ನ ಗಂಡ ಪಕ್ಕದಲ್ಲೇ ಇದ್ದ. ಹೋಗು ಎಂದು ಸನ್ನೆ ಮಾಡಿದ. ನಾನು ಇನ್ನೂ ಮಾತಾಡುತ್ತಿರುವಾಗಲೇ ತನ್ನ ಫೋನಿನಲ್ಲಿ ಬಸ್ಸಿನ ಸೀಟು ಹುಡುಕತೊಡಗಿದ.

ಸೊಂಟ ಮುರಿದ ಮುದುಕಿಯರನ್ನು ನಾನು ದಿನಾ ನೋಡುತ್ತೇನೆ. ಎಷ್ಟು ನೋಯುತ್ತದೆ, ಹೊರಳಿಸದೆ ಬಿಟ್ಟರೆ ಬೆನ್ನು ಹೇಗೆ ಹುಣ್ಣಾಗುತ್ತದೆ ಎಂದು ಗೊತ್ತಿದೆ. ಅದೆಲ್ಲ ಗೊತ್ತಿದ್ದೇ ವೈನಿಗೆ ಹೇಳಿದೆ: "ಹುಮನಾಬಾದಿನಾಗ ಛಲೋ ನರ್ಸ್ ಸಿಗ್ತಾರ. ರೊಕ್ಕ ಕೊಟ್ರ ಮನಿಗೇ ಬರ್ತಾರ."

"ಹಂಗ ಅನಬ್ಯಾಡ. ಅಳಾಕತ್ತಾರ" ಎಂದಳು ವೈನಿ.

"ಅಳ್ಲಿ."

ಫೋನ್ ಇಟ್ಟೆ. ಗಂಡ ನನ್ನನ್ನು ನೋಡುತ್ತಿದ್ದ. ನಮ್ಮ ಕಡೆಯ ಮಾತು ಅವನಿಗೆ ಈಗ ಚೆನ್ನಾಗಿ ತಿಳಿಯುತ್ತದೆ. ಅನುವಾದಿಸುವ ಅಗತ್ಯ ಇರಲಿಲ್ಲ. ಅವನು ಎದ್ದು ದೋಣಿಯ ಕಡೆ ಹೋದ. ನಾನು ಆಸ್ಪತ್ರೆಯ ಪಾಳಿಗೆ ಹೊರಟೆ. ಅವ್ವ ಈಗ ಗೋಡೆ ಹಿಡಿದು ನಡೆಯುತ್ತಾಳಂತೆ. ವೈನಿ ಫೋನ್ ಮಾಡುವುದನ್ನು ನಿಲ್ಲಿಸಿದ್ದಾಳೆ. ಅವ್ವ ನಡೆಯುವ ಸುದ್ದಿಯನ್ನು ನನಗೆ ಹೇಳಿದ್ದು ಹುಮನಾಬಾದ್ ಕಡೆಯ ಒಬ್ಬ ರೋಗಿ.