ಪುಸ್ತಕದಲ್ಲಿಲ್ಲದ ಜ್ಞಾನಸ್ನಾನ

ಮೈಸೂರಿನಿಂದ ವಿರಾಜಪೇಟೆಗೆ ಸುಮಾರು ಅರವತ್ತೈದು ಮೈಲಿ. ಬಸ್ಸಿಗೆ ಎರಡೂವರೆ ರೂಪಾಯಿ. ಜನವರಿಯ ಒಂದು ಗುರುವಾರ ಬೆಳಿಗ್ಗೆ ಒಬ್ಬಳೇ ಹೊರಟೆ. ಹುಣಸೂರಿನಲ್ಲಿ ಇಡ್ಲಿ ತಿಂದೆ. ತಿತಿಮತಿಯ ಕಾಡಿನಲ್ಲಿ ಚಳಿಗೆ ಕೈ ಮರಗಟ್ಟಿತು.

ನನಗೆ ಬೇಕಾಗಿದ್ದುದು ನನ್ನ ಜ್ಞಾನಸ್ನಾನದ ಪತ್ರ, ಮಗುವಾಗಿದ್ದಾಗ ತಲೆಗೆ ನೀರು ಹೊಯ್ದು ಕ್ರೈಸ್ತಳಾಗಿಸಿದ್ದಕ್ಕೆ ಇಗರ್ಜಿ ಕೊಡುವ ದಾಖಲೆ. ಅದಿಲ್ಲದೆ ನಮ್ಮಲ್ಲಿ ಮದುವೆ ನಡೆಯುವುದಿಲ್ಲ. ಅದು ಸಿಕ್ಕ ಮೇಲೆ ಮೂರು ಭಾನುವಾರ ಇಗರ್ಜಿಯ ಪೂಜೆಯಲ್ಲಿ ಗಂಡು ಹೆಣ್ಣಿನ ಹೆಸರು ಓದಿ ಹೇಳಬೇಕು. ಅಷ್ಟರಲ್ಲಿ ಮದುವೆ ಮಾಡದ ತಪಸ್ಸುಕಾಲ ಬಂದರೆ ಎಲ್ಲವೂ ಈಸ್ಟರಿನ ಆಚೆಗೆ ಹೋಗುತ್ತದೆ. ನನ್ನ ತಂದೆ ನೆಲ್ಯಹುದಿಕೇರಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತಾಯಿ ನಾನು ಹುಟ್ಟಿದ ವರ್ಷವೇ ತೀರಿಕೊಂಡರು, ತಂದೆ ಹೋದ ವರ್ಷ. "ಡಿಸೆಂಬರಿನಲ್ಲಿ, ವಿರಾಜಪೇಟೆಯ ದೊಡ್ಡ ಇಗರ್ಜಿಯಲ್ಲಿ ನಿನಗೆ ಜ್ಞಾನಸ್ನಾನವಾಯಿತು" ಎಂದು ತಂದೆ ಯಾವಾಗಲೂ ಹೇಳುತ್ತಿದ್ದರು.

ಇಗರ್ಜಿ ಪೇಟೆಗಿಂತ ಎತ್ತರಕ್ಕಿತ್ತು. ಕೊಡಗಿನ ರಾಜರ ಕಾಲದಲ್ಲಿ ಇಲ್ಲಿ ಬಂದು ನೆಲೆಸಿದ ಕೊಂಕಣಿ ಕುಟುಂಬಗಳಿಗಾಗಿ ಮೊದಲು ಕಟ್ಟಿದ್ದು, ಬಿಳಿಯರ ಕಾಲದಲ್ಲಿ ದೊಡ್ಡದಾಗಿ ಬೆಳೆದದ್ದು ಎಂದು ಮಂಗಳೂರು ಕಡೆಯವರಾದ ಪಾದ್ರಿಗಳು ವಿವರಿಸಿದರು. ಲ್ಯಾಟಿನ್ನಿನಲ್ಲಿ ಬರೆದ ದಪ್ಪ ಪುಸ್ತಕ ತೆರೆದರು. ಒಂದು ಅಕ್ಷರವೂ ಅಳಿಸಿರಲಿಲ್ಲ. ನಾನು ಹುಟ್ಟಿದ ವರ್ಷದ ಹಾಳೆಗಳನ್ನು ಇಬ್ಬರೂ ಎರಡೆರಡು ಸಲ ಓದಿದೆವು. ನನ್ನ ಹೆಸರಿರಲಿಲ್ಲ.

"ಎಂತ ಮಾಡುವುದು ಮಗಾ?" ಎಂದರು ಪಾದ್ರಿಗಳು. "ಹೊಳೆಯಾಚೆಯ ಎಸ್ಟೇಟುಗಳಿಗೆ ಆಗ ಊರೂರು ತಿರುಗುವ ಪಾದ್ರಿ ಬೇರೆ ಇದ್ದರು. ಅವರ ಪುಸ್ತಕ ಇಲ್ಲಿಗೆ ಬರಲಿಲ್ಲ. ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲ. ಸಂಶಯ ಉಂಟಾದರೆ, 'ಮೊದಲೇ ಆಗಿರದಿದ್ದರೆ' ಅಂತ ಹೇಳಿ ನಾನೇ ನೀರು ಹೊಯ್ಯಬಹುದು. ಐದು ನಿಮಿಷದ ಕೆಲಸ."

ಒಪ್ಪಿಕೊಂಡಿದ್ದರೆ ಅಂದೇ ಪತ್ರ ಸಿಗುತ್ತಿತ್ತು. ಆಗಿದೆ ಎಂದು ಇಪ್ಪತ್ತನಾಲ್ಕು ವರ್ಷ ನಂಬಿಕೊಂಡದ್ದು ನಿಜವಾಗಿ ಆಗಿತ್ತೋ ಇಲ್ಲವೋ ಎಂದು ತಿಳಿಯದೆ ತಲೆಬಾಗಲು ನನಗೆ ಮನಸ್ಸಾಗಲಿಲ್ಲ. ಬೇರೆ ದಾರಿ ಇದೆಯೇ ಎಂದು ಕೇಳಿದೆ. ಕಣ್ಣಾರೆ ಕಂಡ ಒಬ್ಬ ನಂಬಿಕಸ್ಥರ ಸಾಕ್ಷಿ ಸಾಕು ಎಂದು, ಅದನ್ನು ಬರೆಸಿ ತರಲು ಒಂದು ಕಾಗದ ಸಿದ್ಧಮಾಡಿ ಕೊಟ್ಟರು.

ಶುಕ್ರವಾರ ಅಮ್ಮತ್ತಿ, ಸಿದ್ದಾಪುರದ ಮೇಲೆ ನೆಲ್ಯಹುದಿಕೇರಿಗೆ ಹೋದೆ. ಬಸ್ಸಿನ ತುಂಬ ಪಾಲಿಬೆಟ್ಟದ ಕೂಲಿಗಳು. ನಾಲ್ಕು ಭಾಷೆಯ ಜಗಳ, ನಗು. ಎಸ್ಟೇಟಿನ ಈಗಿನ ರೈಟರ್ ನನ್ನನ್ನು ಬಿಳಿಯ ದೊರೆ ಕಟ್ಟಿಸಿದ್ದ ಪ್ರಾರ್ಥನಾಮಂದಿರಕ್ಕೆ ಕರೆದೊಯ್ದರು. ಕಿಟಕಿಗಳು ಇಗರ್ಜಿಯವೇ, ಒಳಗೆ ಗೋಡೆಯವರೆಗೆ ಕಾಫಿ ಮೂಟೆ. ಜ್ಞಾನಸ್ನಾನದ ಕಲ್ಲುತೊಟ್ಟಿ ಮೂಲೆಯಲ್ಲಿತ್ತು, ಅದರೊಳಗೆ ಗೋಣಿದಾರದ ಉಂಡೆಗಳು.

"ಆ ತಿರುಗುವ ಪಾದ್ರಿಗಳ ಪುಸ್ತಕ ಇಲ್ಲೇ ಪೆಟ್ಟಿಗೆಯಲ್ಲಿತ್ತಂತೆ ಅಕ್ಕಾ, ಗೆದ್ದಲು ತಿಂದು ಹೋಯ್ತು" ಎಂದರು ರೈಟರ್. "ಲೈನಿನ ಮರಿಯಮ್ಮನ್ನ ಕೇಳಿ. ಹಳೇ ಸೂಲಗಿತ್ತಿ. ಇಲ್ಲಿ ಹುಟ್ಟಿದವರೆಲ್ಲ ಅವಳ ಕೈಯವರೇ."

ಲೈನು ಎನ್ನುವ ಕೂಲಿಗಳ ಮನೆಸಾಲಿನ ಕೊನೆಯಲ್ಲಿ ಮರಿಯಮ್ಮ ಕಾಫಿ ಹಣ್ಣು ಆರಿಸುತ್ತ ಕೂತಿದ್ದಳು. ತಂದೆಯ ಹೆಸರು ಹೇಳಿದೆ. ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ರೈಟರಯ್ಯನ ಮಗಳಾ? ಅಯ್ಯೋ ನನ್ನ ಕಣ್ಣೇ! ಅವತ್ತು ಲೈನೆಲ್ಲ ಎದ್ದು ಕೂರೋ ಹಾಗೆ ಕಿರುಚಿದೆ. ಈಗ ಎಷ್ಟು ಮೆತ್ತಗೆ ಮಾತಾಡ್ತೀಯಾ!"

"ಯಾವತ್ತು?" ಎಂದೆ.

"ನಾನು ನೀರು ಹೊಯ್ದಾಗ. ಆಷಾಢದ ಮಳೆ, ಹೊಳೆ ಉಕ್ಕಿ ದಾರಿಯೆಲ್ಲ ಮುಚ್ಚಿತ್ತು. ಪಾದ್ರಿ ಬರೋ ಹಾಗಿಲ್ಲ. ನೀನು ನೀಲಿ ಆಗ್ತಾ ಇದ್ದೆ. ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು, 'ಮರಿಯಮ್ಮಾ, ಹಾಗೇ ಬಿಡಬೇಡ' ಅಂದ್ರು. ಗಂಜಿ ತಟ್ಟೇಲಿ ನೀರು ತಗೊಂಡು ಹೊಯ್ದೆ."

ಮಗುವಿನ ಜೀವ ಹೋಗುವ ಹಾಗಿದ್ದರೆ ಪಾದ್ರಿಯೇ ಬೇಕಿಲ್ಲ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂಬುದು ನನಗೆ ಗೊತ್ತಿತ್ತು. ಅದು ನನಗೇ ಆಗಿತ್ತೆಂಬುದು ಗೊತ್ತಿರಲಿಲ್ಲ. ಹಾಗಾದರೆ ಡಿಸೆಂಬರ್? ವಿರಾಜಪೇಟೆ?

"ಕ್ರಿಸ್‌ಮಸ್ಸಿಗೆ ಪಾದ್ರಿ ಇಲ್ಲಿಗೇ ಬಂದ್ರು. ಏನು ಹೇಳಿದೆ, ಹೇಗೆ ಹೊಯ್ದೆ ಅಂತ ನನ್ನ ಕೇಳಿದ್ರು. 'ಸರಿಯಾಗಿದೆ, ಇನ್ನೊಂದು ಸಲ ಕೊಡೋ ಹಾಗಿಲ್ಲ' ಅಂತ ಎಣ್ಣೆ ಮಾತ್ರ ಹಚ್ಚಿದ್ರು. ರೈಟರಯ್ಯ ಅಲ್ಲೇ ನಿಂತಿದ್ರಲ್ಲಾ."

ತಂದೆ ಎಲ್ಲವನ್ನೂ ನೋಡಿದ್ದರು. ಮತ್ತೆ ನನಗೇಕೆ ಹಾಗೆ ಹೇಳಿದರು? ರೈಟರ್ ಮಗಳಿಗೆ ಲೈನಿನ ಗಂಜಿತಟ್ಟೆ ಸಾಲದೆಂದೇ? ಕೇಳಲು ಅವರಿಲ್ಲ.

ಪಾದ್ರಿಗಳ ಕಾಗದಕ್ಕಾಗಿ, ಅಂದು ನೀರು ಹೊಯ್ಯುವಾಗ ಅವಳು ಹೇಳಿದ ಮಾತು ಬೇಕಿತ್ತು. ಕೇಳಿದೆ. ಮರಿಯಮ್ಮ ಎದ್ದು ನಿಂತು, ಕೈಯನ್ನು ಸೆರಗಿಗೆ ಒರೆಸಿಕೊಂಡು, ತಂದೆಯ, ಮಗನ, ಪವಿತ್ರಾತ್ಮನ ಹೆಸರನ್ನು ತಮಿಳಿನಲ್ಲಿ ತಡೆಯಿಲ್ಲದೆ ಹೇಳಿದಳು. ಆಮೇಲೆ ದನಿ ಇಳಿಸಿ ಕೇಳಿದಳು: "ನೀನು ಓದಿದವಳು. ನಾನು ಕೊಟ್ಟದ್ದು ಮದುವೆಗೆ ನಡೀತದಾ?"

"ನಡೆಯುತ್ತದೆ" ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು. ರೈಟರ್ ಸಹಿ ಹಾಕಿದರು. ನಾನು ಹೊರಡುವಾಗ ಮರಿಯಮ್ಮ ಒಂದು ಚಕ್ಕೋತ ಕೊಟ್ಟಳು.

ಶನಿವಾರ ವಿರಾಜಪೇಟೆಯಲ್ಲಿ ಪಾದ್ರಿಗಳು ಕಾಗದವನ್ನು ನಿಧಾನವಾಗಿ ಓದಿ, "ಇದು ಸಾಕು. ಇನ್ನು ನಾನು ನೀರು ಹೊಯ್ಯುವ ಹಾಗಿಲ್ಲ" ಎಂದು ನಕ್ಕರು. ಪತ್ರದಲ್ಲಿ ಸ್ಥಳ: ಎಸ್ಟೇಟಿನ ಲೈನು, ಕೊಟ್ಟವರು: ಮರಿಯಮ್ಮ, ಸೂಲಗಿತ್ತಿ. ಗಂಡಿನ ಮನೆಯವರು ಇದನ್ನು ಓದಿ ಏನೆನ್ನುತ್ತಾರೋ ಹೊಳೆಯಲಿಲ್ಲ. ಪತ್ರವನ್ನು ಮಡಿಸಿದೆ, ಮತ್ತೆ ಬಿಚ್ಚಿ ಓದಿದೆ.

ಮಧ್ಯಾಹ್ನದ ಬಸ್ಸು ಹೊರಟಾಗ ಮನೆಗಳ ಮೇಲೆ ಇಗರ್ಜಿಯ ಗೋಪುರ ಕಾಣಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೊರಳಿನ ಶಿಲುಬೆ ನೋಡಿ, "ಅದು ನಿಮ್ಮ ಇಗರ್ಜಿಯಾ?" ಎಂದು ಕೇಳಿದಳು.

"ಅಲ್ಲ" ಎಂದೆ. "ನನ್ನದು ಹೊಳೆಯಾಚೆ."