ಎರಡು ಗೋಡೆಯಿಂದ ಹೊರಟ ನೆಲ

ಹಳಿಯಾಳದ ಕರಿಬಸಪ್ಪ ಬಡಿಗೇರನಿಗೆ ಸಿಟ್ಟು ಬಂತೆಂದರೆ ದಾಂಡೇಲಿ ಅಡವಿಯ ಸಾಗವಾನಿ ಗಿಡಗಳು ಹೆದರಿ ಎಲೆ ಉದುರಿಸುತ್ತಿದ್ದವು. ಬೇಸಿಗೆ ಬಂತೆಂದು ಜನ ತಪ್ಪು ತಿಳಿಯುತ್ತಿದ್ದರು. ಅವನ ಹೆಂಡತಿ ನೀಲಕ್ಕ ಹಪ್ಪಳ ಒಣಗಿಸಲು ಬಿಸಿಲಿಗೆ ಕಾಯುತ್ತಿರಲಿಲ್ಲ, ಗಂಡನ ಮುಖದ ಎದುರು ಹಿಡಿಯುತ್ತಿದ್ದಳು. ಇಷ್ಟನ್ನೂ ನಂಬಬೇಕೆಂದಿಲ್ಲ, ಅರ್ಧ ನಂಬಿದರೆ ಸಾಕು.

ಇಂಥವನ ಜೊತೆ ಇಪ್ಪತ್ತು ವರ್ಷ ಒಂದೇ ಗರಗಸ ಎಳೆದವನು ಕಾಸಿಂಸಾಬ. ದೊಡ್ಡ ಗರಗಸ ಒಬ್ಬನ ಕೈಗೆ ಬಗ್ಗುವಂಥದ್ದಲ್ಲ. ದಿಮ್ಮಿಯನ್ನು ಆಳಕ್ಕೆ ತೋಡಿದ ಕುಣಿಯ ಮೇಲೆ ಮಲಗಿಸಿ, ಒಬ್ಬ ಮೇಲೆ ನಿಂತು ಗೆರೆ ನೋಡುತ್ತ ಎಳೆಯಬೇಕು, ಇನ್ನೊಬ್ಬ ಕುಣಿಯೊಳಗೆ ನಿಂತು ಕೆಳಕ್ಕೆ ಜಗ್ಗಬೇಕು. ಮೇಲಿನವನಿಗೆ ಗಾಳಿ, ಗೆರೆ, ಹೆಸರು. ಕೆಳಗಿನವನಿಗೆ ಕಣ್ಣು ಮೂಗಿನ ತುಂಬ ಕಟ್ಟಿಗೆಯ ಹೊಟ್ಟು. ಕರಿಬಸಪ್ಪ ಯಾವತ್ತೂ ಮೇಲೆ, ಕಾಸಿಂಸಾಬ ಯಾವತ್ತೂ ಕೆಳಗೆ. ಯಾರೂ ಹಾಗೆಂದು ಗೊತ್ತುಮಾಡಿರಲಿಲ್ಲ, ಮೊದಲ ದಿನ ನಿಂತ ಹಾಗೆ ನಿಂತುಬಿಟ್ಟಿದ್ದರು. ತಾನು ಸಂಜೆ ಒಮ್ಮೆ ಸೀನಿದರೆ ಒಂದು ಪಾವು ಹೊಟ್ಟು ಬೀಳುತ್ತದೆ, ಅದರಲ್ಲೇ ಹೆಂಡತಿ ರಹಿಮತಬಿ ಒಲೆ ಹೊತ್ತಿಸುತ್ತಾಳೆ ಎಂದು ಕಾಸಿಂಸಾಬನೇ ಹೇಳಿ ನಗುತ್ತಿದ್ದ.

ಆಗ ದೊಡ್ಡ ಯುದ್ಧ ನಡೆದಿತ್ತು. ಉದ್ದನೆಯ ಸಾಗವಾನಿಯೆಲ್ಲ ದಾಂಡೇಲಿಯಲ್ಲಿ ರೈಲು ಹತ್ತಿ ಯುದ್ಧಕ್ಕೆ ಹೋಗುತ್ತಿತ್ತು, ಊರಿಗೆ ಉಳಿದದ್ದು ತುಂಡು ತುಣುಕು. ಅಂಥ ಹೊತ್ತಿನಲ್ಲಿ ಕಟ್ಟಿಗೆ ವ್ಯಾಪಾರಿ ಶೇಖಪ್ಪನಿಗೆ ಮಾಳಿಗೆಯ ಮೇಲೆ ಹಲಗೆಯ ನೆಲ ಹಾಸಿಸುವ ಹುಕಿ ಬಂತು. ಮಗಳನ್ನು ನೋಡಲು ಮುಂಡಗೋಡದಿಂದ ಗಂಡಿನ ಕಡೆಯವರು ಬರುವವರಿದ್ದರು, ಅವರು ಮಣ್ಣಿನ ನೆಲದ ಮೇಲೆ ಕೂಡಬಾರದಂತೆ. ಅವನು ಎಲ್ಲೆಲ್ಲಿಂದಲೋ ಕೂಡಿಸಿ ತಂದ ಹಲಗೆಗಳಲ್ಲಿ ಒಂದು ಹೆಬ್ಬಾವಿನಷ್ಟು ಉದ್ದ, ಇನ್ನೊಂದು ಊಟದ ಮಣೆಯಷ್ಟು ಗಿಡ್ಡ. ಒಂದರಷ್ಟು ಇನ್ನೊಂದಿಲ್ಲ.

ಗಿಡ್ಡ ಉದ್ದ ಬೆರೆಸಿ ಹಾಸಬೇಕು, ಎರಡು ಹಲಗೆ ಸೇರುವ ಪ್ರತಿ ಸಂದೂ ತೊಲೆಯ ಮೇಲೆ ಕೂಡಬೇಕು, ಒಂದು ಸಾಲಿನ ಸಂದು ಮಗ್ಗುಲ ಸಾಲಿನ ಸಂದಿನಿಂದ ಮೊಳ ದೂರ ಇರಬೇಕು ಅಂದ ಕರಿಬಸಪ್ಪ. ಸಂದುಗಳು ಒಂದೇ ಗೆರೆಗೆ ಬಂದರೆ ನೆಲ ಅಲ್ಲೇ ಜೋಲುತ್ತದೆ. ಕಾಸಿಂಸಾಬ ಬೇಡ ಅಂದ. ಗಿಡ್ಡವೆಲ್ಲ ಗೋಡೆಯ ಕಡೆ ಹೋಗಲಿ, ಅಲ್ಲಿ ಟ್ರಂಕು ಹಾಸಿಗೆ ಬರುತ್ತವೆ, ಉದ್ದವೆಲ್ಲ ನಡುವೆ ಬರಲಿ, ಬೀಗರ ಕಣ್ಣು ಅಲ್ಲೇ ಬೀಳುವುದು ಅಂದ. ಎರಡೂ ಸರಿಯೇ. ಸರಿ ಇದ್ದ ಇಬ್ಬರು ಜಗಳಕ್ಕೆ ನಿಂತರೆ ಬಿಡಿಸಲು ಬ್ರಹ್ಮದೇವರೂ ಬರುವುದಿಲ್ಲ. ಮಾತಿಗೆ ಮಾತು ಬೆಳೆದು, ಕರಿಬಸಪ್ಪನ ಬಾಯಿಂದ ಬರಬಾರದ ಮಾತೊಂದು ಬಂತು.

“ಕುಣಿಯಾಗ ನಿಂತು ಹೊಟ್ಟು ತಿನ್ನಾಂವಗ ಹಲಗಿ ಮಾರಿ ಏನ್ ಗೊತ್ತಾಗ್ತೈತಿ?”

ಕಾಸಿಂಸಾಬ ತಿರುಗಿ ಒಂದು ಬೈಗುಳ ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ವಲ್ಲಿ ಜಾಡಿಸಿ ಹೆಗಲಿಗೆ ಹಾಕಿಕೊಂಡ, ಸುತ್ತಿಗೆ ತೆಗೆದುಕೊಂಡು ಪಡುವಣ ಗೋಡೆಗೆ ಹೋಗಿ ಕೂತು, ತನ್ನ ಮನಸ್ಸಿನಂತೆ ಮೊದಲ ಸಾಲು ಬಡಿಯತೊಡಗಿದ. ಕರಿಬಸಪ್ಪನ ತಲೆಯ ನೆತ್ತಿ ಕಾದು ಕುಲುಮೆಗೆ ಹಾಕಿದ ಬಂಡಿ ಹಳಿಯಂತಾಯಿತು. ಅವನು ಮೂಡಣ ಗೋಡೆ ಹಿಡಿದು ತನ್ನ ಸಾಲು ಶುರುಮಾಡಿದ. ಆಡಿದ ಮಾತು ಸೊಟ್ಟ ಬಿತ್ತೆಂದು ಅವನಿಗೂ ಗೊತ್ತಿತ್ತು. ಆದರೆ ಅದು ಸಾಗವಾನಿಯೊಳಗೆ ಬಗ್ಗಿದ ಮೊಳೆ, ಕೀಳಲು ಹೋದರೆ ಅದರ ತಲೆಯೇ ಹಾರುತ್ತದೆ.

ಹೀಗೆ ಒಂದು ನೆಲ ಎರಡು ಗೋಡೆಯಿಂದ ಹೊರಟಿತು. ಇಬ್ಬರ ನಡುವೆ ಮಾತಿಲ್ಲ. ಉಳಿ ಬೇಕಾದರೆ ಕರಿಬಸಪ್ಪ ತೊಲೆಯನ್ನು ಕೇಳುತ್ತಿದ್ದ, ಕಾಸಿಂಸಾಬ ಕಿಟಕಿಗೆ ಉತ್ತರ ಹೇಳುತ್ತಿದ್ದ. ಒಬ್ಬ ಊಟಕ್ಕೆ ಹೋದಾಗ ಇನ್ನೊಬ್ಬ ರಾಶಿಯಿಂದ ಉದ್ದ ಹಲಗೆಗಳನ್ನು ತನ್ನ ಕಡೆ ಎಳೆದುಕೊಂಡು ಗಿಡ್ಡವನ್ನು ಅವನ ಕಡೆ ನೂಕುತ್ತಿದ್ದ. ಅವನು ಉಂಡು ಬಂದು ಹಾಗೆಯೇ ಮಾಡುತ್ತಿದ್ದ. ಹೀಗೆ ಓಡಾಡಿ ಓಡಾಡಿ ಆ ಹಲಗೆಗಳು ಗೋವೆಗೆ ಹೋಗಿ ಬರುವಷ್ಟು ದಾರಿ ಸವೆಸಿದವು. ಎಲ್ಲಕ್ಕಿಂತ ಉದ್ದದ ಒಂದು ಹಲಗೆಯನ್ನು ಕರಿಬಸಪ್ಪ ಶೇಖಪ್ಪನ ಸುತ್ತಿಟ್ಟ ಜಮಖಾನೆಗಳ ಕೆಳಗೆ ಬಚ್ಚಿಟ್ಟ. ಕಾಸಿಂಸಾಬ ಇನ್ನೊಂದನ್ನು ಅಟ್ಟಕ್ಕೆ ಏರಿಸಿದ.

ಮನೆಯಲ್ಲಿ ನೀಲಕ್ಕ ಒಂದು ಸುದ್ದಿ ತಂದಳು. ಈ ಕೆಲಸ ಮುಗಿದ ಮೇಲೆ ಕಾಸಿಂಸಾಬ ದಾಂಡೇಲಿಯ ಕಟ್ಟಿಗೆ ಡಿಪೋಕ್ಕೆ ದಿಮ್ಮಿ ಹೊರಲು ಹೋಗುತ್ತಾನಂತೆ, ರಹಿಮತಬಿ ಹಿತ್ತಲಲ್ಲಿ ಕಣ್ಣೊರೆಸಿಕೊಂಡು ಹೇಳಿದಳಂತೆ. ಕರಿಬಸಪ್ಪನ ಕೈಯಲ್ಲಿನ ರೊಟ್ಟಿ ಬಾಯಿಯ ದಾರಿ ಮರೆಯಿತು. ಜೋಡಿ ಮುರಿದರೆ ಗರಗಸ ಗೋಡೆಗೆ. ಹೊಸಬನನ್ನು ಹುಡುಕಬಹುದು, ಆದರೆ ಎರಡು ಕೈ ಒಂದೇ ಉಸಿರಿಗೆ ಏಳಲು ಬೀಳಲು ಇನ್ನೊಂದು ಇಪ್ಪತ್ತು ವರ್ಷ ಎಲ್ಲಿಂದ ತರುವುದು?

“ಹೋಗಿ ಒಂದ ಮಾತ ಆಡಿ ಬರ್ರಿ,” ಅಂದಳು ನೀಲಕ್ಕ.

“ನಾ ಏನ್ ಸುಳ್ಳ ಹೇಳೇನೇನು?”

“ಖರೇ ಮಾತಿಗೆ ಹಲ್ಲ ಇರಂಗಿಲ್ಲೇನ್ರಿ?”

ಕರಿಬಸಪ್ಪ ತಾಟು ದೂಡಿ ಎದ್ದ. ಅವತ್ತು ಬೀದಿಯ ನಾಯಿಗೂ ಬೈದ, ನಾಯಿ ತನ್ನ ತಪ್ಪೇನೆಂದು ಬಹಳ ಹೊತ್ತು ಯೋಚನೆ ಮಾಡಿತು.

ಕಡೆಗೆ ಎರಡು ನೆಲಗಳೂ ನಡುವೆ ಎದುರುಬದರಾದವು. ಹಳಿಯಾಳದಲ್ಲಿ ಎರಡು ಗೋಡೆ ಸರಿಸಮ ನಡೆದದ್ದನ್ನು ಯಾರೂ ಕಂಡಿಲ್ಲ. ನಡುವೆ ಉಳಿದ ಬಿರುಕು ಬಾಗಿಲ ಕಡೆ ಗೇಣಗಲ, ಕಿಟಕಿಯ ಕಡೆ ಎರಡೇ ಬೆರಳು. ಅತ್ತಿತ್ತಲಿನ ಸಾಲುಗಳಲ್ಲಿ ಒಬ್ಬರಿಗೊಬ್ಬರು ನೂಕಿದ ಗಿಡ್ಡ ತುಂಡುಗಳೇ ತುಂಬಿದ್ದವು, ತೊಲೆ ತೊಲೆಗೂ ಸಂದು. ನಡುವೆ ಯಾವ ತುಂಡು ಇಟ್ಟರೂ ಅದರ ಸಂದು ಮಗ್ಗುಲ ಸಂದಿನ ಗೆರೆಗೇ ಹೋಗಿ ಕೂಡುತ್ತಿತ್ತು. ಬಾಗಿಲ ಗೋಡೆಯಿಂದ ಕಿಟಕಿಯ ಗೋಡೆಗೆ ಒಂದೇ ಅಖಂಡ ಹಲಗೆ ಬೇಕು, ಇಲ್ಲದಿದ್ದರೆ ನೆಲ ನಡುಮುರಿದ ಎತ್ತಿನಂತೆ ಕೂಡುತ್ತದೆ. ಶೇಖಪ್ಪ ಬಂದು ಬಿರುಕು ನೋಡಿ, ಬೀಗರನ್ನು ಇದರೊಳಗೆ ಇಳಿಬಿಡಲೇನು ಎಂದು ಕೇಳಿ ಹೋದ.

ಕಾಸಿಂಸಾಬ ಅಟ್ಟದಿಂದ ತನ್ನ ಹಲಗೆ ಇಳಿಸಿದ. ಮೊಳ ಕಡಿಮೆ ಬಿತ್ತು. ಕರಿಬಸಪ್ಪ ಜಮಖಾನೆ ಎತ್ತಿದ. ಅವನದು ಗೋಡೆಯಿಂದ ಗೋಡೆಗೆ ಮುಟ್ಟಿತು. ಆದರೆ ಅದನ್ನು ಉದ್ದಕ್ಕೂ ಓರೆಯಾಗಿ ಸೀಳಬೇಕು. ಸೀಳಲು ದೊಡ್ಡ ಗರಗಸ ಬೇಕು, ಗರಗಸಕ್ಕೆ ಇಬ್ಬರು ಬೇಕು.

ಒಬ್ಬೊಬ್ಬ ಒಂದೊಂದು ತುದಿ ಹಿಡಿದು ಶೇಖಪ್ಪನ ಹಿತ್ತಲಿಗೆ ತಂದು ಅಲ್ಲಿನ ಗರಗಸದ ಕುಣಿಯ ಮೇಲೆ ಹಾಸಿದರು. ಕಾಸಿಂಸಾಬ ಎಂದಿನಂತೆ ವಲ್ಲಿಯನ್ನು ಮೂಗಿಗೆ ಕಟ್ಟಿಕೊಂಡು ಕುಣಿಯ ಅಂಚಿಗೆ ಬಂದ. ಆ ಹಳೆಯ ವಲ್ಲಿಯ ನೂಲಿನೊಳಗೆ ಹೊಟ್ಟು ಕೂತು ಬಟ್ಟೆ ಯಾವುದು, ಕಟ್ಟಿಗೆ ಯಾವುದು ಎಂದು ತಿಳಿಯುವಂತಿರಲಿಲ್ಲ. ಅದನ್ನು ನೋಡಿ ಕರಿಬಸಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆಂದು ಅವನಿಗೇ ಹೊಳೆಯಲಿಲ್ಲ. ಧೋತರ ಎತ್ತಿಕಟ್ಟಿ ದುಡುಂ ಎಂದು ತಾನೇ ಕುಣಿಗೆ ಹಾರಿದ.

“ಗೆರಿ ನೀ ನೋಡು,” ಅಂದ.

ಕಾಸಿಂಸಾಬ ಮೂಗಿನ ವಲ್ಲಿ ಬಿಚ್ಚಿದ. ಆಮೇಲೆ ಮೇಲೇರಿ ಗರಗಸದ ಹಿಡಿ ಹಿಡಿದ. ಮೊದಲ ಎಳೆತಕ್ಕೇ ಕರಿಬಸಪ್ಪನ ಕಣ್ಣು ಹೊಟ್ಟಿನಿಂದ ತುಂಬಿತು, ಬೈಯಲು ತೆರೆದ ಬಾಯಿ ತುಂಬಿತು.

“ಬಾಯಿ ಮುಚ್ಚಿ ಎಳಿ,” ಮೇಲಿನಿಂದ ಮಾತು ಬಂತು.

ಗರಗಸ ಏರಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಕರಿಬಸಪ್ಪನ ಅಂಗೈಗೆ ಏನೋ ಬೇರೆ ತಿಳಿಯಿತು. ಹಲ್ಲು ಗೆರೆ ಬಿಟ್ಟು ಅತ್ತ ಹೊರಳುತ್ತಿತ್ತು, ಕೆಳಗಿನ ಹಿಡಿ ಕೈಯೊಳಗೆ ತಿರುಚಿಕೊಳ್ಳುತ್ತಿತ್ತು. ಮಣಿಕಟ್ಟು ತಿರುವಿ ಇತ್ತ ಜಗ್ಗಿದ. ಗರಗಸ ಗೆರೆಗೆ ಬಂತು. ಮತ್ತೆ ಹೊರಳಿತು, ಮತ್ತೆ ಜಗ್ಗಿದ. ಮೇಲೆ ನಿಂತಿದ್ದಾಗ ಇಂಥ ಜಗ್ಗು ಅವನಿಗೆ ದಿನಾ ಸಿಕ್ಕುತ್ತಿತ್ತು, ಅದು ಗರಗಸದ ಒಳ್ಳೇ ಗುಣವೆಂದು ತಿಳಿದಿದ್ದ. ಹಾಗಾದರೆ ಊರೆಲ್ಲ ಕರಿಬಸಪ್ಪನ ಗೆರೆ ಎಂದು ಹೊಗಳಿದ್ದರಲ್ಲಿ ಅರ್ಧ ಈ ಕುಣಿಯಿಂದ ಬಂದದ್ದು.

ಅವನು ಗರಗಸ ತಡೆದು ಕೆಂಪು ಕಣ್ಣು ಮೇಲೆತ್ತಿದ.

“ಇಷ್ಟ ವರ್ಷ ಯಾಕ ಹೇಳಲಿಲ್ಲಲೇ, ಕಾಸಿಂ?”

“ಹೆಂಗ ಹೇಳ್ಲಿ ಬಸಣ್ಣಾ,” ಅಂದ ಕಾಸಿಂಸಾಬ, “ಬಾಯ್ತುಂಬ ಹೊಟ್ಟು.”

ಹಲಗೆ ಕೂತಿತು, ಬೀಗರು ಬಂದರು, ನೆಲ ಜೋಲಲಿಲ್ಲ. ಕಾಸಿಂಸಾಬ ದಾಂಡೇಲಿಗೆ ಹೋಗಲಿಲ್ಲ. ಅವತ್ತಿನಿಂದ ಕುಣಿಗೆ ಒಂದು ದಿನ ಅವನು, ಒಂದು ದಿನ ಇವನು. ಇಂದು ಯಾರ ಪಾಳಿ ಎಂದು ಸಾಯುವ ತನಕ ದಿನಾ ಮುಂಜಾನೆ ಜಗಳಾಡಿದರು, ಇಡೀ ಓಣಿ ಅದನ್ನು ಕೇಳಿಯೇ ಹಾಸಿಗೆಯಿಂದ ಏಳುತ್ತಿತ್ತು.

ಕುಣಿಗೆ ಇಳಿದ ಆ ಮೊದಲ ಸಂಜೆ ಕರಿಬಸಪ್ಪ ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಸೀನಿದ. ನೀಲಕ್ಕ ಒಳಗಿಂದ ಪಾವು ಹಿಡಿದುಕೊಂಡು ಬಂದಳು. ಅವನು ಬೈಯಲೆಂದು ಬಾಯಿ ತೆರೆದ, ಇನ್ನೊಂದು ಸೀನು ಬಂತು.