ಎಡ ಹೊಳ್ಳೆ ಅಕ್ಕನದು, ಬಲ ಹೊಳ್ಳೆ ತಂಗಿಯದು

ಚಿಕ್ಕತ್ತೆಯ ಬಗ್ಗೆ ಬರೆಯಬೇಕೆಂದು ಕೂತರೆ ಮೊದಲು ದೊಡ್ಡತ್ತೆಯೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಅದು ಅವಳ ಸ್ವಭಾವ, ಏನೂ ಮಾಡುವಂತಿಲ್ಲ. ಇಬ್ಬರೂ ನನ್ನ ಅಪ್ಪನ ತಂಗಿಯರು, ಅವಳಿಗಳು. ದೊಡ್ಡತ್ತೆ ಹುಟ್ಟಿದ ಸ್ವಲ್ಪ ಹೊತ್ತಿಗೆ ಚಿಕ್ಕತ್ತೆ ಹುಟ್ಟಿದಳು. ಆ ಸ್ವಲ್ಪ ಹೊತ್ತಿನ ಹಿರಿತನವನ್ನು ದೊಡ್ಡತ್ತೆ ಕೂದಲು ಹಣ್ಣಾದರೂ ಬಿಟ್ಟುಕೊಟ್ಟಿಲ್ಲ.

ಇಬ್ಬರೂ ಮದುವೆಯಾಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೆಳಗೆ ಅವರ ಟೈಲರ್ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ದೊಡ್ಡತ್ತೆ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಾಳೆ, ಗಿರಾಕಿಗಳ ಜೊತೆ ಜಗಳವಾಡುತ್ತಾಳೆ, ಬ್ಯಾಂಕು, ಪೇಟೆ ಎಂದು ತಿರುಗುತ್ತಾಳೆ. ಚಿಕ್ಕತ್ತೆ ಪರದೆಯ ಹಿಂದೆ ಕೂತು ಮಿಷನ್ ತುಳಿಯುತ್ತಾಳೆ. ತಮ್ಮ ಬಟ್ಟೆ ಹೊಲಿದುಕೊಳ್ಳುವಾಗ ಟೇಪು ಸುತ್ತುವುದು ದೊಡ್ಡತ್ತೆಯ ಮೈಗೆ ಮಾತ್ರ, ಅದೇ ಅಳತೆಯಲ್ಲಿ ಎರಡು ಕತ್ತರಿಸುತ್ತಾಳೆ. "ಒಬ್ಬರ ಅಳತೆ ಸಾಕಲ್ಲ, ಸುಮ್ನೆ ಯಾಕೆ ಟೈಮ್ ಹಾಳು" ಎನ್ನುತ್ತಾಳೆ. ಚಪ್ಪಲಿಯನ್ನೂ ತಾನೇ ಮೆಟ್ಟಿ ನೋಡಿ ಎರಡು ಜೊತೆ ತರುತ್ತಾಳೆ. ಚಿಕ್ಕತ್ತೆಯ ಪಾದ ಒಂದು ಚೂರು ದೊಡ್ಡದು ಎನ್ನುವುದು ನನಗೆ ಗೊತ್ತು, ಅಪ್ಪನಿಗೆ ಗೊತ್ತು. ದೊಡ್ಡತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಚಿಕ್ಕತ್ತೆಗೆ ಇದ್ದದ್ದು ಒಂದೇ ಆಸೆ, ಕಡಲು ನೋಡುವುದು. ಬೇಸಿಗೆ ಬಂತೆಂದರೆ ಜನ ಪ್ಯಾಂಟುಗಳನ್ನು ತಂದು, ಬೀಚಿಗೆ ಹೋಗ್ತಿದ್ದೀವಿ, ಮೊಣಕಾಲಿಗೆ ಕತ್ತರಿಸಿ ಕೊಡಿ ಎನ್ನುತ್ತಾರೆ. ಹೋಗಿ ಬಂದ ಮೇಲೆ ರಿಪೇರಿಗೆಂದು ಅದೇ ಪ್ಯಾಂಟು ತರುತ್ತಾರೆ. ಹೊಲಿಗೆ ಬಿಚ್ಚಿದರೆ ಮಡಿಕೆಯಿಂದ ಮರಳು ಉದುರುತ್ತದೆ. ಅವಳು ಕಂಡ ಕಡಲು ಅಷ್ಟೇ.

ಕೊರೊನಾ ಬಂದು, ಎಲ್ಲ ಬಾಗಿಲು ಮುಚ್ಚಿ, ಮತ್ತೆ ಅರ್ಧ ತೆರೆದಾಗ ವಿಮಾನದ ಟಿಕೆಟ್ ಅಗ್ಗವಾಯಿತು. ನಾನು ಕಂಪ್ಯೂಟರ್ ಮುಂದೆ ಕೂತು ಪಕ್ಕದ ದೇಶದ ಕಡಲ ದಂಡೆಗೆ ಇಬ್ಬರಿಗೂ ಟಿಕೆಟ್ ಮಾಡಿಸಿಬಿಟ್ಟೆ. ರದ್ದು ಮಾಡಿದರೆ ಬಿಡಿಗಾಸೂ ವಾಪಸ್ ಬರದ ಟಿಕೆಟ್. ಅಂಥ ಬುದ್ಧಿವಂತೆ ನಾನು.

ಅಪ್ಪನಿಗೆ ಆಗ ತಾನೇ ನಿವೃತ್ತಿಯಾಗಿತ್ತು. ದಿನವೂ ಪ್ರಯಾಣದ ನಿಯಮ ಓದಿ ಹೇಳುವುದೇ ಅವನ ಹೊಸ ನೌಕರಿ. ಆ ದೇಶ ಬೆಳಿಗ್ಗೆ ಹಸಿರು ಪಟ್ಟಿಯಲ್ಲಿದ್ದರೆ ಸಂಜೆಗೆ ಹಳದಿ. ಹಳದಿಯಾದರೆ ಹೊರಡುವ ಮುಂಚೆ ಒಂದು ಟೆಸ್ಟ್, ಇಳಿದ ಮೇಲೆ ಒಂದು, ವಾಪಸ್ ಬರುವ ಮುಂಚೆ ಇನ್ನೊಂದು.

"ಕೆಂಪಾದ್ರೆ ಏನಣ್ಣಾ?" ಎಂದು ಚಿಕ್ಕತ್ತೆ ಕೇಳಿದಳು.

"ಹೋಟೆಲ್ ರೂಮಲ್ಲಿ ಕೂಡಿ ಹಾಕ್ತಾರೆ. ಬಾಡಿಗೆ ನಾವೇ ಕೊಡ್ಬೇಕು."

"ಜೈಲಿಗೂ ಬಾಡಿಗೆ ಕೊಡೋ ಕಾಲ ಬಂತು ನೋಡು" ಎಂದಳು ದೊಡ್ಡತ್ತೆ.

ಟೆಸ್ಟಿನ ದರ ಕೇಳಿದ ದಿನ ಅವಳು ಕತ್ತರಿ ಕೆಳಗಿಟ್ಟಳು. ದೊಡ್ಡತ್ತೆ ದುಡ್ಡನ್ನು ಯಾವಾಗಲೂ ಜಿಪ್ಪಿನಲ್ಲಿ ಲೆಕ್ಕ ಹಾಕುವವಳು. "ಒಂದು ಕಡ್ಡಿಗೋಸ್ಕರ ತಿಂಗಳಿಡೀ ಜಿಪ್ ಹಾಕ್ಬೇಕಾ? ಏನು, ಚಿನ್ನದ ಕಡ್ಡೀನಾ ಅದು?" ಎಂದು ಕೂಗಾಡಿ ಲ್ಯಾಬಿಗೇ ಫೋನು ಮಾಡಿದಳು. "ನೋಡಿ, ನಾವು ಅವಳಿಗಳು. ಮೂಗು ಒಂದೇ ನಮೂನೆ. ಒಂದು ಟೆಸ್ಟ್ ಮಾಡಿ ಎರಡು ರಿಪೋರ್ಟ್ ಕೊಡಿ, ಎರಡನೇದಕ್ಕೆ ಕಾಗದದ ದುಡ್ಡು ತಗೊಳ್ಳಿ." ಲ್ಯಾಬಿನವರು ಫೋನ್ ಇಟ್ಟುಬಿಟ್ಟರು.

ಇತ್ತ ಚಿಕ್ಕತ್ತೆಗೆ ಬೇರೆಯೇ ಸಂಕಟ. ಆ ಕಡ್ಡಿಯನ್ನು ಮೂಗಿನೊಳಗೆ ತೂರಿಸುವುದನ್ನು ಟಿವಿಯಲ್ಲಿ ನೋಡಿ, "ಅಷ್ಟುದ್ದದ್ದು ಹೋಗಿ ಎಲ್ಲಿ ನಿಲ್ಲುತ್ತೆ?" ಎಂದು ಕೇಳಿದಳು. ಅಪ್ಪ ತಮಾಷೆಗೆ "ಮಿದುಳಲ್ಲಿ" ಎಂದ. ಅವತ್ತಿನಿಂದ ಅವಳು ಮೂಗಿನ ಮೇಲೆ ಕೈಯಿಟ್ಟುಕೊಂಡೇ ಓಡಾಡಿದಳು. ಕೊನೆಗೆ, "ನಂಗೆ ಕಡಲೂ ಬೇಡ, ಏನೂ ಬೇಡ" ಎಂದು ಅತ್ತೇಬಿಟ್ಟಳು.

"ನೀನ್ಯಾಕೆ ಬರ್ತೀಯ? ಇಬ್ಬರದೂ ನಾನೇ ಕೊಟ್ಟು ಬರ್ತೀನಿ" ಎಂದಳು ದೊಡ್ಡತ್ತೆ.

ನಾನು ಹೌಹಾರಿದೆ. "ಅತ್ತೆ, ಇದೇನು ಪ್ಯಾಂಟಿನ ಅಳತೇನಾ? ರೋಗದ ಟೆಸ್ಟು!"

"ಒಂದೇ ಮನೆ, ಒಂದೇ ಅಡುಗೆ, ಒಂದೇ ಗಾಳಿ. ನಂಗಿಲ್ಲ ಅಂದ್ರೆ ಅವಳಿಗೂ ಇಲ್ಲ. ಮಾಸ್ಕ್ ಹಾಕ್ಕೊಂಡ್ರೆ ಊರವರೆಲ್ಲ ಅವಳಿಗಳೇ, ನಮ್ಮನ್ನು ಯಾರು ಗುರುತು ಹಿಡೀತಾರೆ?"

ಅಪ್ಪ ಗಡ್ಡ ಕೆರೆದುಕೊಂಡು, "ಅವಳು ಹೇಳೋದ್ರಲ್ಲೂ ಒಂದು ಅರ್ಥ ಇದೆ" ಎಂದ. ಆ ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

ಬೆಳಿಗ್ಗೆ ಬೂದು ಕೋಟು ಹಾಕಿಕೊಂಡು ಹೋಗಿ ದೊಡ್ಡತ್ತೆ ತನ್ನ ಹೆಸರಿನಲ್ಲಿ ಎಡ ಹೊಳ್ಳೆಯದನ್ನು ಕೊಟ್ಟಳು. ಮಧ್ಯಾಹ್ನ ನೀಲಿ ಕೋಟು ಹಾಕಿಕೊಂಡು ಹೋಗಿ ತಂಗಿಯ ಹೆಸರಿನಲ್ಲಿ ಬಲ ಹೊಳ್ಳೆಯದನ್ನು ಕೊಟ್ಟಳು. ಒಂದೇ ಹೊಳ್ಳೆಯಲ್ಲಿ ಎರಡು ಸಲ ತೆಗೆದರೆ ಎರಡನೆಯ ಸಲಕ್ಕೆ ಏನು ಉಳಿದಿರುತ್ತದೆ ಎನ್ನುವುದು ಅವಳ ವಾದ. ಮಧ್ಯಾಹ್ನ ಮಾತ್ರ ಕೆಂಡಾಮಂಡಲವಾಗಿ ಬಂದಳು.

"ಆ ಲ್ಯಾಬಿನವನು ಏನಂದ ಗೊತ್ತಾ? 'ಬೆಳಿಗ್ಗೆ ನಿಮ್ಮಕ್ಕ ಬಂದಿದ್ರು, ಅಬ್ಬಬ್ಬಾ ಏನು ಬಾಯಿ! ನೀವು ಎಷ್ಟು ಮೆತ್ತಗಿದ್ದೀರ, ಪಾಪ, ಅವರ ಜೊತೆ ಹೇಗೆ ಬಾಳ್ತೀರೋ' ಅಂದ!"

"ನೀನೇನಂದೆ?" ಎಂದ ಅಪ್ಪ.

"ಏನನ್ನಲಿ? ಹೌದು ಸಾರ್, ತುಂಬಾ ಕಷ್ಟ ಅಂದೆ."

ಚಿಕ್ಕತ್ತೆ ಪರದೆಯ ಹಿಂದೆ ಹೋಗಿ ಮಿಷನ್ ಜೋರಾಗಿ ತುಳಿದಳು. ನಗು ಕೇಳಿಸದಿರಲೆಂದು.

ಮಾರನೆಯ ದಿನ ರಿಪೋರ್ಟು ನನ್ನ ಮೊಬೈಲಿಗೆ ಬಂತು. ದೊಡ್ಡತ್ತೆಗೆ ಪಾಸಿಟಿವ್. ಚಿಕ್ಕತ್ತೆಗೆ ನೆಗೆಟಿವ್. ಅಂದರೆ ಎಡ ಹೊಳ್ಳೆಗೆ ರೋಗ ಬಂದಿದೆ, ಬಲ ಹೊಳ್ಳೆ ಗಟ್ಟಿಮುಟ್ಟಾಗಿದೆ. ನನಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಅಪ್ಪ ಗಂಭೀರವಾಗಿ, "ಮಧ್ಯದಲ್ಲಿ ಗೋಡೆ ಇದೆಯಲ್ಲ, ಆ ಕಡೆಯಿಂದ ಈ ಕಡೆಗೆ ದಾಟೋಕೆ ಅದಕ್ಕೂ ಟೈಮ್ ಬೇಕು" ಎಂದ. ದೊಡ್ಡತ್ತೆ ಲ್ಯಾಬಿನವರ ಮೇಲೆ ಹರಿಹಾಯಲು ಬಾಯಿ ತೆರೆದಳು, ಕೆಮ್ಮು ಬಂತು. ನಿಲ್ಲಲೇ ಇಲ್ಲ. ಎಡ ಹೊಳ್ಳೆ ಸುಳ್ಳು ಹೇಳಿರಲಿಲ್ಲ.

ಅವಳನ್ನು ಒಳಕೋಣೆಗೆ ಸೇರಿಸಿ ಬಾಗಿಲು ಹಾಕಿದೆವು. ವಿಮಾನದವರಿಗೆ ಫೋನು ಮಾಡಿದೆ. ದುಡ್ಡೂ ಇಲ್ಲ, ಬೇರೆ ದಿನವೂ ಇಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಮನೆಯಲ್ಲಿ ರೋಗಿಯಿದ್ದರೂ ತೊಂದರೆಯಿಲ್ಲ, ನೆಗೆಟಿವ್ ಇದ್ದವರು ಧಾರಾಳವಾಗಿ ಬರಬಹುದು ಎಂದರು. ನಾನೂ ಅಪ್ಪನೂ ಚಿಕ್ಕತ್ತೆಯ ಮುಖ ನೋಡಿದೆವು. ಈ ಜನ್ಮದಲ್ಲಿ ಅವಳು ಪಕ್ಕದ ಬೀದಿಗೂ ಒಬ್ಬಳೇ ಹೋದವಳಲ್ಲ.

ಬಾಗಿಲ ಹಿಂದಿನಿಂದ ದೊಡ್ಡತ್ತೆ ಕೂಗಿದಳು. "ಒಬ್ಬಳೇ ಹೋಗ್ತಾಳಾ? ಬಸ್ಸಲ್ಲಿ ಟಿಕೆಟ್ ಕೇಳೋಕೂ ಬರಲ್ಲ ಅವಳಿಗೆ!"

ಚಿಕ್ಕತ್ತೆ ನನ್ನ ಹತ್ತಿರ ಬಂದು, "ಆ ರಿಪೋರ್ಟ್ ನಂದಲ್ವಲ್ಲೇ. ಅಕ್ಕನ ಬಲಗಡೇದು" ಎಂದಳು.

"ಅದು ಅವರಿಗೆ ಗೊತ್ತಿಲ್ಲ ಅತ್ತೆ."

"ನಂಗೆ ಗೊತ್ತಲ್ಲ. ವಿಮಾನದಲ್ಲಿ ಪಕ್ಕ ಕೂತೋರು ಏನು ಪಾಪ ಮಾಡಿದ್ರು? ನಡಿ, ಲ್ಯಾಬಿಗೆ ಹೋಗೋಣ."

ದಾರಿಯುದ್ದಕ್ಕೂ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳು ಜೋಮು ಹಿಡಿಯಿತು. ಲ್ಯಾಬಿನವನು ಹೆಸರು ನೋಡಿ, "ನಿನ್ನೆ ತಾನೇ ಕೊಟ್ರಲ್ಲ ಮೇಡಂ?" ಎಂದ.

"ನಿನ್ನೆ ನನ್ನ ಮೂಗನ್ನ ನಮ್ಮಕ್ಕ ಕೊಟ್ಟಿದ್ಲು. ಇವತ್ತು ನಾನೇ ತಂದಿದ್ದೀನಿ."

ಆತ ಅವಳನ್ನು ನೋಡಿದ, ನನ್ನನ್ನು ನೋಡಿದ. "ನಂಗೇನೂ ಕೇಳಿಸ್ಲಿಲ್ಲ. ದುಡ್ಡು ಮಾತ್ರ ಮತ್ತೆ ಕಟ್ಬೇಕು" ಎಂದ. ಕಟ್ಟಿದೆವು. ಕಡ್ಡಿ ಹತ್ತಿರ ಬಂದಿದ್ದೇ ತಡ, ಚಿಕ್ಕತ್ತೆ ಸೀನಿದಳು. ಅವನು ಮುಖಕ್ಕೆ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿಕೊಂಡು ಬಂದ. ಮತ್ತೆ ಸೀನಿದಳು. ಮೂರನೆಯ ಸಲಕ್ಕೆ ಕಡ್ಡಿ ಒಳಗೆ ಹೋಗಿ ಹೊರಗೂ ಬಂತು. ಅವಳು ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

"ಆಯ್ತು ಮೇಡಂ, ಏಳಿ."

"ಇಷ್ಟೇನಾ?" ಎಂದಳು ಚಿಕ್ಕತ್ತೆ.

ವಾಪಸ್ ಬರುವಾಗ ನನ್ನ ಕೈ ಹಿಡಿಯಲಿಲ್ಲ. ಏನೋ ಯೋಚಿಸುತ್ತ ಮುಂದೆ ಮುಂದೆ ನಡೆದಳು. ರಸ್ತೆ ದಾಟಿದ ಮೇಲೆ ತಿರುಗಿ, "ಬ್ಯಾಂಕೂ ಹೀಗೇ ಇರುತ್ತೇನೇ?" ಎಂದು ಕೇಳಿದಳು.

"ಅದು ಇದಕ್ಕಿಂತ ಸುಲಭ ಅತ್ತೆ. ಅಲ್ಲಿ ಮೂಗಿಗೆ ಕಡ್ಡಿ ಹಾಕಲ್ಲ."

ಈ ಸಲದ ರಿಪೋರ್ಟು ಅವಳ ಸ್ವಂತದ್ದು. ನೆಗೆಟಿವ್. ಹೊರಡುವ ದಿನ ದೊಡ್ಡತ್ತೆ ಬಾಗಿಲ ಸಂದಿಯಿಂದ ಉಪದೇಶ ಮಾಡಿದ್ದೇ ಮಾಡಿದ್ದು: ಬ್ಯಾಗು ಕೈಬಿಡಬೇಡ, ಕಂಡಕಂಡವರ ಜೊತೆ ಮಾತಾಡಬೇಡ, ನೀರಿಗೆ ಪಾದಕ್ಕಿಂತ ಜಾಸ್ತಿ ಇಳೀಬೇಡ. ಚಿಕ್ಕತ್ತೆ ಎಲ್ಲದಕ್ಕೂ ಹೂಂ ಎಂದು, ತಾನೇ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳು ತಿರುಗಿ ನೋಡುತ್ತಾಳೆಂದು ನಾನು ಕೈಯೆತ್ತಿ ನಿಂತೇ ಇದ್ದೆ. ನೋಡಲಿಲ್ಲ. ನನಗೆ ಸ್ವಲ್ಪ ಬೇಜಾರೂ ಆಯಿತು.

ಮರುದಿನ ವಿಡಿಯೋ ಫೋನು ಬಂತು. ಪರದೆಯ ತುಂಬ ಅವಳ ಕೆದರಿದ ಕೂದಲು, ಹಿಂದೆ ಬರೀ ನೀಲಿ. ನಾನು ಬಾಗಿಲ ಹೊರಗೆ ನಿಂತು, ದೊಡ್ಡತ್ತೆಗೂ ಕಾಣಲಿ ಎಂದು ಮೊಬೈಲನ್ನು ಸಂದಿಗೆ ಹಿಡಿದೆ.

"ಊಟ ಮಾಡಿದ್ಯಾ? ಅಲ್ಲೂ ಮೂಗಿಗೆ ಹಾಕಿದ್ರಾ?" ದೊಡ್ಡತ್ತೆಯ ತನಿಖೆ ಶುರುವಾಯಿತು.

"ಹಾಕಿದ್ರು. ನಾನೇ ಮಾಸ್ಕ್ ಕೆಳಗಿಳಿಸ್ಕೊಂಡು ಹಾಕಿ ಅಂದೆ."

"ಒಬ್ಬಳೇ ಭಯ ಆಗ್ಲಿಲ್ವಾ?"

ಗಾಳಿಯ ಸದ್ದು ಜೋರಾಗಿತ್ತು. ಚಿಕ್ಕತ್ತೆ ಮೊಬೈಲನ್ನು ಬಾಯಿಯ ಹತ್ತಿರ ತಂದು, "ಅಕ್ಕಾ, ಇಲ್ಲಿಗೆ ಬಂದಾಗಿಂದ ಒಬ್ರೂ 'ಇನ್ನೊಬ್ರೆಲ್ಲಿ' ಅಂತ ಕೇಳಿಲ್ಲ" ಎಂದಳು.

ಅದನ್ನು ದೂರಿನ ಹಾಗೆ ಹೇಳಲಿಲ್ಲ. ಮಕ್ಕಳು ಬಹುಮಾನ ಬಂತೆಂದು ಹೇಳುವ ಹಾಗೆ ಹೇಳಿದಳು. ನನಗೆ, ದೊಡ್ಡತ್ತೆ ಈಗ ಏನು ರಾದ್ಧಾಂತ ಮಾಡುತ್ತಾಳೋ ಎಂಬ ದಿಗಿಲು.

ಕೋಣೆಯೊಳಗಿನಿಂದ ಮೂಗು ಒರೆಸಿಕೊಂಡ ಸದ್ದಾಯಿತು.

"ಹಾಗಾದ್ರೆ ಮುಂದಿನ ವರ್ಷ ನೀನು ಮನೇಲಿರು" ಎಂದಳು ದೊಡ್ಡತ್ತೆ. "ನಾನೊಬ್ಬಳೇ ಹೋಗ್ತೀನಿ."